ಪಾದ್ರಿಗಳೂ ಉಗಿಬಂಡಿಯೂ: ಒಂದು ಪ್ರಚಲಿತ ವಿವರಣೆಯ ಪರೀಕ್ಷೆ

ಇಂಗ್ಲೆಂಡಿನ ಆಧುನಿಕ ಸಾಮಾಜಿಕ ಇತಿಹಾಸವನ್ನು ಓದುವವರಿಗೆ ಒಂದು ವಿಚಿತ್ರ ಸಂಗತಿ ಪದೇ ಪದೇ ಎದುರಾಗುತ್ತದೆ. ರೈಲ್ವೆಯ ಮೇಲಿನ ಪ್ರೀತಿಯಿಂದ ಬರೆದ ಪುಸ್ತಕಗಳ ಮುಖಪುಟದಲ್ಲಿ, ಉಗಿಯಂತ್ರಗಳ ಹಳೆಯ ಛಾಯಾಚಿತ್ರಗಳ ಅಡಿಯಲ್ಲಿ, ಮನೆಯ ಕೋಣೆಯೊಳಗೆ ಮಾದರಿ ರೈಲುಮಾರ್ಗಗಳನ್ನು ಕಟ್ಟಿದವರ ಹೆಸರುಗಳ ನಡುವೆ, 'ರೆವರೆಂಡ್' ಎಂಬ ಬಿರುದು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಪರಲೋಕದ ಚಿಂತೆಯನ್ನು ವೃತ್ತಿಯನ್ನಾಗಿ ಮಾಡಿಕೊಂಡವರಿಗೆ ಇಹಲೋಕದ ಈ ಹೊಗೆಯುಗುಳುವ ಯಂತ್ರದ ಮೇಲೆ ಇಷ್ಟು ಮೋಹವೇಕೆ ಎಂಬ ಪ್ರಶ್ನೆ ಸಹಜವಾಗಿಯೇ ಹುಟ್ಟುತ್ತದೆ.

ಇದಕ್ಕೆ ಸಿದ್ಧವಾದ ಉತ್ತರವೊಂದು ಬಹುಕಾಲದಿಂದ ಬಳಕೆಯಲ್ಲಿದೆ. 'ಥಾಮಸ್' ಎಂಬ ಪುಟ್ಟ ಎಂಜಿನ್ನಿನ ಕಥೆಗಳಿಂದ ಲೋಕಪ್ರಸಿದ್ಧರಾದ ರೆವರೆಂಡ್ ವಿಲ್ಬರ್ಟ್ ಆಡ್ರಿಯವರದೆಂದು ಹೇಳಲಾಗುವ ಒಂದು ಚಾಟೂಕ್ತಿಯ ಸಾರ ಇಷ್ಟು: ರೈಲ್ವೆಗೂ ಆಂಗ್ಲ ಚರ್ಚಿಗೂ ಹತ್ತೊಂಬತ್ತನೆಯ ಶತಮಾನದ ನಡುಭಾಗವೇ ಉಚ್ಛ್ರಾಯಕಾಲ, ಇಬ್ಬರ ಬಳಿಯೂ ದುರಸ್ತಿಯ ಖರ್ಚು ತಾಳಲಾರದ ಗಾಥಿಕ್ ಶೈಲಿಯ ಕಟ್ಟಡಗಳಿವೆ, ಇಬ್ಬರಿಗೂ ಟೀಕಾಕಾರರ ಕಾಟ ತಪ್ಪಿದ್ದಲ್ಲ, ಮನುಷ್ಯನನ್ನು ಗುರಿಮುಟ್ಟಿಸಲು ತಾವೇ ಉತ್ತಮ ಸಾಧನವೆಂಬ ನಂಬಿಕೆ ಇಬ್ಬರಲ್ಲಿಯೂ ಅಚಲ. ಮಾತು ಸೊಗಸಾಗಿದೆ. ಆದರೆ ಆಡಿದವರು ವಿನೋದಕ್ಕಾಗಿ ಆಡಿದ ಮಾತನ್ನು ಅನಂತರದವರು ಗಂಭೀರವಾಗಿ ಎತ್ತಿಕೊಂಡು, ಕ್ರಮ, ವಿಧಿ, ವೇಳೆಯ ನಿಯಮ, ಸಮವಸ್ತ್ರ, ಅಧಿಕಾರಶ್ರೇಣಿ ಮುಂತಾದ ಇನ್ನಷ್ಟು ಸಾದೃಶ್ಯಗಳನ್ನು ಅದಕ್ಕೆ ಪೋಣಿಸಿ, ಪಾದ್ರಿಯ ಮನೋಧರ್ಮಕ್ಕೂ ರೈಲ್ವೆಗೂ ಒಂದು ಹುಟ್ಟುಸಂಬಂಧವಿದೆಯೆಂದು ವಾದಿಸತೊಡಗಿದ್ದಾರೆ. ಎರಡು ವಸ್ತುಗಳ ನಡುವೆ ಹೋಲಿಕೆಯಿದೆ ಎಂದ ಮಾತ್ರಕ್ಕೆ ಅವುಗಳ ನಡುವೆ ಕಾರ್ಯಕಾರಣ ಸಂಬಂಧವಿದೆ ಎಂದಾಗುವುದಿಲ್ಲ. ಈ ಸಾದೃಶ್ಯವಾದವು ಇತಿಹಾಸದ ಪರೀಕ್ಷೆಗೆ ನಿಲ್ಲುವುದೇ ಎಂಬುದನ್ನು ನೋಡುವುದು, ನಿಲ್ಲದಿದ್ದರೆ ಹೆಚ್ಚು ತೃಪ್ತಿಕರವಾದ ಕಾರಣವನ್ನು ಹುಡುಕುವುದು, ಆ ಬೆಳಕಿನಲ್ಲಿ ಪಾದ್ರಿಗಳ ರೈಲುಸಾಹಿತ್ಯದ ಬೆಲೆಯನ್ನು ಕಟ್ಟುವುದು ಪ್ರಸ್ತುತ ಲೇಖನದ ಉದ್ದೇಶ.

ಹುಟ್ಟುಸಂಬಂಧವೆಂಬುದು ನಿಜವಾಗಿದ್ದರೆ ರೈಲ್ವೆ ಹುಟ್ಟಿದ ದಿನಗಳಲ್ಲಿಯೇ ಅದು ಕಾಣಿಸಿಕೊಳ್ಳಬೇಕಾಗಿತ್ತು. ಕಂಡದ್ದು ಬಹುಮಟ್ಟಿಗೆ ಇದಕ್ಕೆ ವಿರುದ್ಧ. ಆಗ ಪೂರ್ತಿಯಾಗಿ ಪಾದ್ರಿಗಳ ಹಿಡಿತದಲ್ಲಿದ್ದ ಆಕ್ಸ್‌ಫರ್ಡ್, ಕೇಂಬ್ರಿಜ್ ವಿಶ್ವವಿದ್ಯಾನಿಲಯಗಳು ತಮ್ಮ ಊರಿನ ಹತ್ತಿರಕ್ಕೆ ಬರುವ ಹಳಿಗಳನ್ನು ಶಂಕೆಯಿಂದಲೇ ಕಂಡವು. ೧೮೫೧ರಲ್ಲಿ ರೈಲ್ವೆ ಕಂಪೆನಿಯು ಭಾನುವಾರಗಳಂದು ಕೇಂಬ್ರಿಜ್‌ಗೆ ಅಗ್ಗದ ವಿಹಾರಗಾಡಿಗಳನ್ನು ಓಡಿಸಲು ಹೊರಟಾಗ ಅಲ್ಲಿನ ಉಪಕುಲಪತಿ ಡಾಕ್ಟರ್ ಕೊರಿಯವರು, ಇದು ದೇವರಿಗೂ ಸಜ್ಜನ ಕ್ರೈಸ್ತರಿಗೂ ವಿಶ್ವವಿದ್ಯಾನಿಲಯದ ಅಧಿಕಾರಿಗಳಿಗೂ ಸಮಾನವಾಗಿ ಅಪ್ರಿಯವಾದುದೆಂಬ ಅರ್ಥದಲ್ಲಿ ಪ್ರತಿಭಟನೆಯ ಪತ್ರ ಬರೆದರು. (ದೇವರ ಅಭಿಪ್ರಾಯವೂ ಉಪಕುಲಪತಿಗಳ ಅಭಿಪ್ರಾಯವೂ ಒಂದೇ ವಾಕ್ಯದಲ್ಲಿ ಸೇರಿರುವುದು ವಿಶ್ವವಿದ್ಯಾನಿಲಯದ ಆಡಳಿತವನ್ನು ಬಲ್ಲ ಓದುಗರಿಗೆ ಆಶ್ಚರ್ಯ ತರಲಾರದು.) ಸ್ಕಾಟ್ಲೆಂಡಿನಲ್ಲಿ ವಿರೋಧ ಇನ್ನೂ ಉಗ್ರವಾಗಿತ್ತು. ೧೮೭೯ರ ಡಿಸೆಂಬರ್ ೨೮ರಂದು ಟೇ ನದಿಯ ಸೇತುವೆ ಬಿರುಗಾಳಿಗೆ ಕುಸಿದು ಗಾಡಿಯೊಂದು ಪ್ರಯಾಣಿಕರೆಲ್ಲರೊಡನೆ ನದಿಯ ಪಾಲಾಯಿತು. ಅಂದು ಭಾನುವಾರವಾಗಿದ್ದುದರಿಂದ ಅದು ದೈವದಂಡನೆಯೆಂದು ಬೋಧಿಸಿದ ಪಾದ್ರಿಗಳಿಗೆ ಕೊರತೆಯಿರಲಿಲ್ಲ. ೧೮೮೩ರ ಜೂನ್ ತಿಂಗಳಲ್ಲಿ ಸ್ಟ್ರೋಮ್ ಫೆರಿ ಎಂಬಲ್ಲಿ ಸಬ್ಬತ್ತಿನ ದಿನ ಮೀನು ಸಾಗಿಸುವುದನ್ನು ಸಹಿಸದ ಬೆಸ್ತರ ಗುಂಪು ರೈಲ್ವೆಯ ಧಕ್ಕೆಯನ್ನೇ ಆಕ್ರಮಿಸಿಕೊಂಡಿತು. ಹತ್ತು ಮಂದಿ ಸೆರೆಮನೆ ಕಂಡರು.

ಇಂಗ್ಲೆಂಡಿನ ಹೊರಗೂ ಹೀಗೆಯೇ. ರೋಮಿನ ಧರ್ಮರಾಜ್ಯದಲ್ಲಿ ೧೬ನೆಯ ಗ್ರೆಗೊರಿ ಪೋಪರು ತಾವಿರುವ ತನಕ ಹಳಿ ಹಾಕಗೊಡಲಿಲ್ಲ. ೧೮೪೬ರಲ್ಲಿ ಪೀಠಕ್ಕೆ ಬಂದ ೯ನೆಯ ಪಿಯುಸ್ ಪೋಪರು ಮಾತ್ರ ಹಳಿ ಹಾಕಿಸಿದರಲ್ಲದೆ ತಮಗಾಗಿ ಪ್ರಾರ್ಥನಾಮಂದಿರವನ್ನೊಳಗೊಂಡ ಗಾಡಿಯನ್ನೂ ಪಡೆದರು. ಒಂದೇ ಪೀಠ, ಒಂದೇ ಸಿದ್ಧಾಂತ, ಒಂದೇ ವಿಧಿ. ಆದರೂ ಒಬ್ಬರಿಗೆ ಬೇಡವಾದದ್ದು ಇನ್ನೊಬ್ಬರಿಗೆ ಬೇಕಾಯಿತು. ರೈಲ್ವೆಯ ಒಲವನ್ನು ಧರ್ಮದ ಒಳಗುಣದಿಂದ ಹೊರಡಿಸುವವರು ಇದಕ್ಕೆ ಏನು ಹೇಳುವರು?

ವಿರೋಧವನ್ನು ಅತಿಯಾಗಿ ಹೇಳುವುದೂ ತಪ್ಪು. ಬಹುಪಾಲು ಪಾದ್ರಿಗಳ ಜಗಳ ಭಾನುವಾರದ ಬಗ್ಗೆಯೇ ಹೊರತು ಹಳಿಯ ಬಗ್ಗೆ ಅಲ್ಲ. ರಗ್ಬಿ ಶಾಲೆಯ ಮುಖ್ಯಾಧ್ಯಾಪಕರಾಗಿದ್ದ ಡಾಕ್ಟರ್ ಥಾಮಸ್ ಆರ್ನಲ್ಡರು, ಅವರೂ ಪಾದ್ರಿಗಳೇ, ಲಂಡನ್-ಬರ್ಮಿಂಗ್‌ಹ್ಯಾಂ ಮಾರ್ಗದ ಗಾಡಿಯನ್ನು ಕಂಡು, ಊಳಿಗಮಾನ್ಯ ಯುಗ ಇನ್ನು ಮರಳಿ ಬಾರದೆಂದು ಹರ್ಷಪಟ್ಟರು. ಸ್ವಿಂಡನ್ನಿನಂಥ ರೈಲ್ವೆ ಊರುಗಳಲ್ಲಿ ಕಾರ್ಖಾನೆಯ ಬಳಿಯೇ ಚರ್ಚು ಎದ್ದಿತು. ಸಂತ ಪಾಲರ ಪ್ರಧಾನ ದೇವಾಲಯದ ಕ್ಯಾನನ್ ಆಗಿದ್ದ ಸಿಡ್ನಿ ಸ್ಮಿತ್ತರು ೧೮೪೨ರಲ್ಲಿ ಪತ್ರಿಕೆಗೆ ಬರೆದ ಕಾಗದಗಳು ಇಲ್ಲಿ ವಿಶೇಷವಾಗಿ ನೆನೆಯತಕ್ಕವು. ಆ ವರ್ಷದ ಮೇ ತಿಂಗಳಲ್ಲಿ ವರ್ಸೇಲ್ಸ್ ಮಾರ್ಗದಲ್ಲಿ ಅಪಘಾತವಾಗಿ, ಹೊರಗಿನಿಂದ ಬೀಗ ಜಡಿದಿದ್ದ ಡಬ್ಬಿಗಳೊಳಗೆ ಪ್ರಯಾಣಿಕರು ಬೆಂದುಹೋಗಿದ್ದರು. ಇಂಗ್ಲೆಂಡಿನ ಕಂಪೆನಿಗಳಲ್ಲಿಯೂ ಬೀಗ ಹಾಕುವ ಪದ್ಧತಿಯುಂಟು. ದೊಡ್ಡ ಮನುಷ್ಯರೊಬ್ಬರು ಸುಟ್ಟುಹೋಗುವ ತನಕ ಇದಕ್ಕೆ ಪರಿಹಾರವಿಲ್ಲ, ಬಿಷಪ್ಪರೊಬ್ಬರಾದರೂ ಆದೀತು, ಸೋಡೊರ್ ಮತ್ತು ಮ್ಯಾನ್ ಪೀಠದ ಬಿಷಪ್ಪರಾದರೂ ಇಲ್ಲದುದಕ್ಕಿಂತ ವಾಸಿ ಎಂಬ ಧಾಟಿಯಲ್ಲಿ ಸ್ಮಿತ್ತರು ಚುಚ್ಚಿದರು. ಆಡಳಿತದ ಅಲಕ್ಷ್ಯವನ್ನು ಪ್ರಯಾಣಿಕನ ಪರವಾಗಿ ನಿಂತು ಬಯ್ದ ಪಾದ್ರಿ ಇವರು. ರೈಲ್ವೆಯನ್ನು ದ್ವೇಷಿಸಿದವರಲ್ಲ, ಆರಾಧಿಸಿದವರೂ ಅಲ್ಲ. ಹಾಸ್ಯಕ್ಕೆಂದು ಅವರು ಎಳೆದುತಂದ ಆ 'ಸೋಡೊರ್' ಎಂಬ ಹೆಸರು ನೂರು ವರ್ಷಗಳ ಮೇಲೆ ಇನ್ನೊಬ್ಬ ಪಾದ್ರಿಯ ಕೈಯಲ್ಲಿ ಏನಾಯಿತೆಂಬುದನ್ನು ಮುಂದೆ ನೋಡೋಣ.

ನಿಜವಾದ ಅರ್ಥದಲ್ಲಿ ರೈಲು ಹವ್ಯಾಸಿಗಳೆನ್ನಬಹುದಾದ ಪಾದ್ರಿಗಳು ಕಾಣಸಿಗುವುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಗ್ರೇಟ್ ವೆಸ್ಟರ್ನ್ ಕಂಪೆನಿಯ ಹಳಿಗಳ ನಡುವಣ ಅಂತರ ಏಳಡಿಗೂ ತುಸು ಹೆಚ್ಚು. ಇಂಜಿನಿಯರ್ ಬ್ರೂನೆಲ್ಲರು ಹಾಕಿಕೊಟ್ಟಿದ್ದ ಆ ಅಗಲ ಗೇಜನ್ನು ಕಂಪೆನಿ ೧೮೯೨ರ ಮೇ ತಿಂಗಳ ಒಂದು ವಾರಾಂತ್ಯದಲ್ಲಿ, ಸಾವಿರಾರು ಕೂಲಿಗಳನ್ನು ಕಲೆಹಾಕಿ, ಶಾಶ್ವತವಾಗಿ ಕಿತ್ತುಹಾಕಿತು. ಅದಕ್ಕೆ ಮುಂಚಿನ ವರ್ಷಗಳಲ್ಲಿ ಆ ಎಂಜಿನ್ನುಗಳನ್ನು ಅಕ್ಕರೆಯಿಂದ ಛಾಯಾಚಿತ್ರಗಳಲ್ಲಿ ಹಿಡಿದಿಟ್ಟವರಲ್ಲಿ ಕಾರ್ನ್‌ವಾಲಿನ ಆಲ್ಟರ್ನನ್ ಎಂಬ ಹಳ್ಳಿಯ ಪಾದ್ರಿ ರೆವರೆಂಡ್ ಎ. ಎಚ್. ಮಲಾನ್ ಮುಖ್ಯರು. ಅನಂತರ ಬಂದವರು ರೆವರೆಂಡ್ ವಿಕ್ಟರ್ ವೈಟ್‌ಚರ್ಚ್. ೧೯೧೨ರಲ್ಲಿ ಪ್ರಕಟವಾದ ಅವರ ರೈಲ್ವೆ ಪತ್ತೇದಾರಿ ಕಥೆಗಳ ನಾಯಕ ಥಾರ್ಪ್ ಹೇಜಲ್, ರೈಲುಗಳ ವೇಳಾಪಟ್ಟಿಯನ್ನು ಕರತಲಾಮಲಕ ಮಾಡಿಕೊಂಡವನು, ಮೇಲಾಗಿ ಶಾಕಾಹಾರಿ! ಕಥೆಗಳು ಸಾಹಿತ್ಯದೃಷ್ಟಿಯಿಂದ ಸಾಧಾರಣ. ಅವುಗಳ ರುಚಿಯಿರುವುದು ಸಿಗ್ನಲ್ಲು, ಸೈಡಿಂಗು, ಗಾಡಿಜೋಡಣೆಗಳ ಕರಾರುವಾಕ್ಕಾದ ತಿಳಿವಳಿಕೆಯಲ್ಲಿ.

ಮಲಾನರ ಛಾಯಾಚಿತ್ರಗಳಿಗೂ ವೈಟ್‌ಚರ್ಚರ ಕಥೆಗಳಿಗೂ ಸಮಾನವಾದದ್ದು ಈ ಕರಾರುವಾಕ್ಕುತನ. ನನ್ನ ಮತದಲ್ಲಿ ಸಮಸ್ಯೆಗೆ ಪರಿಹಾರ ಸಿಕ್ಕುವುದು ಇಲ್ಲಿಯೇ. ಪಾದ್ರಿಯ ಧರ್ಮದಲ್ಲಿ ಅಲ್ಲ, ಪಾದ್ರಿಯ ಹುದ್ದೆಯಲ್ಲಿ. ಇಂಗ್ಲೆಂಡಿನ ಪ್ಯಾರಿಷ್, ಎಂದರೆ ಒಬ್ಬ ಪಾದ್ರಿಯ ಪಾಲನೆಗೆ ಒಳಪಟ್ಟ ಗ್ರಾಮಪರಿಮಿತಿ, ಧರ್ಮದ ಘಟಕವಾಗಿದ್ದಂತೆಯೇ ದಾಖಲೆಯ ಘಟಕವೂ ಆಗಿತ್ತು. ೧೫೩೮ರಲ್ಲಿ ಥಾಮಸ್ ಕ್ರಾಮ್‌ವೆಲ್ಲನ ಆಜ್ಞೆಯಾದಂದಿನಿಂದ ತನ್ನ ಊರಿನ ದೀಕ್ಷಾಸ್ನಾನ, ವಿವಾಹ, ಸಮಾಧಿಗಳನ್ನು ದಿನಾಂಕ ಸಹಿತ ಬರೆದಿಡುವುದು ಪಾದ್ರಿಯ ಕರ್ತವ್ಯವಾಯಿತು. ನಮ್ಮ ಶಾನುಭೋಗರ ಕಡತ ನೆಲದ ಲೆಕ್ಕವನ್ನಿಟ್ಟಂತೆ ಅವರ ರಿಜಿಸ್ಟರು ಜನದ ಲೆಕ್ಕವನ್ನಿಟ್ಟಿತು. ಈ ಅಭ್ಯಾಸ ಶತಮಾನಗಳ ಕಾಲ ಒಂದು ವರ್ಗದ ಮೈಗೂಡಿದ ಮೇಲೆ ಅದು ರಿಜಿಸ್ಟರಿನ ಹಾಳೆಯಲ್ಲಿಯೇ ನಿಲ್ಲಲಿಲ್ಲ. ಸೆಲ್ಬೋರ್ನ್ ಹಳ್ಳಿಯ ಹಕ್ಕಿ, ಗಿಡ, ಮಳೆಗಳನ್ನು ಕುರಿತು ಗಿಲ್ಬರ್ಟ್ ವೈಟರು ೧೭೮೯ರಲ್ಲಿ ಪ್ರಕಟಿಸಿದ ಗ್ರಂಥ ಈ ಅಭ್ಯಾಸದ ಉಜ್ಜ್ವಲ ಫಲ. ಅವರ ಹಿಂದೆ ಬಂದ ಪಾದ್ರಿಗಳು ಚಿಟ್ಟೆಗಳನ್ನು, ಶಿಲಾಶಾಸನಗಳನ್ನು, ಜಾನಪದ ಗೀತೆಗಳನ್ನು ಸಂಗ್ರಹಿಸಿದರು. ಹಳ್ಳಿಯ ಅಂಚಿನಲ್ಲಿ ಹಳಿ ಬಂದ ಮೇಲೆ ಅವರ ಟಿಪ್ಪಣಿ ಪುಸ್ತಕದಲ್ಲಿ ಎಂಜಿನ್ನಿನ ಸಂಖ್ಯೆಯೂ ಸೇರಿತು. ಎಂಜಿನ್ನಿಗೆ ಹೆಸರಿದೆ, ಸಂಖ್ಯೆಯಿದೆ, ಹುಟ್ಟಿದ ಕಾರ್ಖಾನೆಯಿದೆ, ಕಳಚಿಹಾಕಿದ ದಿನವಿದೆ. ರಿಜಿಸ್ಟರು ಬರೆಯುವ ಕೈಗೆ ಇದಕ್ಕಿಂತ ಒಗ್ಗುವ ವಸ್ತು ಬೇರೆ ಯಾವುದು?

ಇದರೊಡನೆ ಕೆಲವು ಸಾದಾ ಕಾರಣಗಳೂ ಕೂಡಿಬಂದವು. ಪಾದ್ರಿಯ ದುಡಿಮೆಯ ದಿನ ಭಾನುವಾರ. ಮಿಕ್ಕವರು ಗಿರಣಿಯಲ್ಲೋ ಕಚೇರಿಯಲ್ಲೋ ಇರುವ ಮಂಗಳವಾರದ ಮಧ್ಯಾಹ್ನ ಹಳಿಯ ಏರಿಯ ಮೇಲೆ ಕ್ಯಾಮರಾ ಹಿಡಿದು ನಿಲ್ಲಬಲ್ಲ ವಿದ್ಯಾವಂತ ಅವನೊಬ್ಬನೇ. ಅವನ ನಿವಾಸ ವಿಶಾಲವಾದದ್ದು. ಅಟ್ಟದಲ್ಲಿ ಮಾದರಿ ರೈಲಿಗೆ ಸ್ಥಳವುಂಟು. ಅವನ ಕೊರಳಿನ ಬಿಳಿಯ ಪಟ್ಟಿಯನ್ನು ಕಂಡ ಸ್ಟೇಷನ್ ಮಾಸ್ತರನು ಬೇರೆಯವರಿಗೆ ಬಿಡದ ಜಾಗಕ್ಕೂ ಅವನನ್ನು ಬಿಟ್ಟಾನು. ಇನ್ನೊಂದು ಮಾತನ್ನು ಇತಿಹಾಸದ ವಿದ್ಯಾರ್ಥಿಗಳು ಮುಖ್ಯವಾಗಿ ಗಮನಿಸಬೇಕು. ಬ್ಯಾಂಕಿನ ಗುಮಾಸ್ತನು ರೈಲ್ವೆಯ ಬಗ್ಗೆ ಪುಸ್ತಕ ಬರೆದರೆ ಮುಖಪುಟದ ಮೇಲೆ 'ಗುಮಾಸ್ತ' ಎಂದು ಅಚ್ಚಾಗುವುದಿಲ್ಲ. ಪಾದ್ರಿ ಬರೆದರೆ 'ರೆವರೆಂಡ್' ಎಂದು ತಪ್ಪದೆ ಅಚ್ಚಾಗುತ್ತದೆ. ಹವ್ಯಾಸಿಗಳಲ್ಲಿ ಪಾದ್ರಿಗಳೇ ಬಹಳವೆಂಬ ನಮ್ಮ ಭಾವನೆಯಲ್ಲಿ ಎಷ್ಟು ಭಾಗ ಸತ್ಯ, ಎಷ್ಟು ಭಾಗ ಈ ಬಿರುದಿನ ಪ್ರಭಾವ ಎಂಬುದನ್ನು ಬೇರ್ಪಡಿಸದೆ ಸಿದ್ಧಾಂತ ಕಟ್ಟಹೊರಡುವುದು ಅವಸರದ ಕೆಲಸ. ಕಣ್ಣಿಗೆ ಬಿದ್ದದ್ದನ್ನೇ ಎಣಿಸಿ, ಬೀಳದ್ದನ್ನು ಇಲ್ಲವೆಂದುಕೊಳ್ಳುವ ದೋಷ ನಮ್ಮ ಶಾಸನಾಧ್ಯಯನದಲ್ಲಿಯೂ ಇಲ್ಲದಿಲ್ಲ. ಕಲ್ಲಿನಲ್ಲಿ ಕೆತ್ತಿಸಲು ಶಕ್ತಿಯಿದ್ದವರ ದಾನಗಳಷ್ಟೇ ನಮ್ಮ ಲೆಕ್ಕಕ್ಕೆ ಬಂದಿವೆ.

ಪ್ರಾಸಂಗಿಕವಾಗಿ ಒಂದು ಮಾತು. ಮೈಸೂರಿನ ಆರ್. ಕೆ. ನಾರಾಯಣರು ೧೯೫೮ರಲ್ಲಿ ಪ್ರಕಟಿಸಿದ 'ಗೈಡ್' ಕಾದಂಬರಿಯ ರಾಜು ರೈಲು ನಿಲ್ದಾಣದ ಅಂಗಡಿಯಿಂದ ಹೊರಟು ಕೊನೆಗೆ ಜನರ ಕಣ್ಣಿನಲ್ಲಿ ಸ್ವಾಮಿಯಾಗುತ್ತಾನೆ. ನಮ್ಮ ಕಥೆಯಲ್ಲಿ ರೈಲಿನವನು ಸ್ವಾಮಿಯಾದ, ಅವರ ಕಥೆಯಲ್ಲಿ ಸ್ವಾಮಿಯೇ ರೈಲಿನವನಾದ! ಇದರಿಂದ ಯಾವ ತತ್ತ್ವವೂ ಹೊರಡದು. ಸಾದೃಶ್ಯಗಳು ಎಷ್ಟು ಸುಲಭವಾಗಿ ಕೈಗೆ ಸಿಕ್ಕುತ್ತವೆಂಬುದಕ್ಕೆ ನಿದರ್ಶನವಾಗಿ ಇದನ್ನು ಹೇಳಿದ್ದಾಯಿತು.

ಇನ್ನು ಆಡ್ರಿಯವರ ಕೃತಿಗಳಿಗೆ ಬರೋಣ. ವಿಲ್ಬರ್ಟ್ ಆಡ್ರಿಯವರು ೧೯೧೧ರಲ್ಲಿ ಹ್ಯಾಂಪ್‌ಷೈರಿನ ಆಂಪ್‌ಫೀಲ್ಡಿನಲ್ಲಿ ಹುಟ್ಟಿದರು. ತಂದೆಯವರೂ ಪಾದ್ರಿ, ಅವರೂ ರೈಲುಪ್ರಿಯರು. ಬಾಲ್ಯದಲ್ಲಿ ಈ ಕುಟುಂಬ ಬಾಕ್ಸ್ ಎಂಬ ಊರಿಗೆ ಬಂದು ನೆಲಸಿತು. ಬ್ರೂನೆಲ್ಲರು ಕೊರೆಸಿದ ಪ್ರಸಿದ್ಧ ಸುರಂಗದ ಕಡೆಗೆ ಏರು ಹತ್ತುವ ಎಂಜಿನ್ನುಗಳ ಏದುಸಿರು ರಾತ್ರಿ ಹಾಸಿಗೆಯಲ್ಲಿ ಮಲಗಿದ್ದ ಹುಡುಗನಿಗೆ ಮಾತಿನಂತೆ ಕೇಳಿಸುತ್ತಿತ್ತು. ಮುಂದೆ ದೀಕ್ಷೆ ಪಡೆದು ಪಾದ್ರಿಯಾದ ಅವರು ಯುದ್ಧವಿರೋಧಿಯಾದ ಕಾರಣ ಎರಡನೆಯ ಮಹಾಯುದ್ಧದ ಆರಂಭಕಾಲದಲ್ಲಿ ಒಂದು ಹುದ್ದೆಯನ್ನು ಕಳೆದುಕೊಂಡರು. ಬರ್ಮಿಂಗ್‌ಹ್ಯಾಮಿನ ಬಿಷಪ್ ಬಾರ್ನ್ಸರು ಆಶ್ರಯ ಕೊಟ್ಟರು. ಅಲ್ಲಿರುವಾಗ ದಡಾರವೆದ್ದು ಮಲಗಿದ್ದ ಮಗನಿಗೆ ಹೇಳಿದ ಕಥೆಗಳೇ ೧೯೪೫ರಲ್ಲಿ 'ದಿ ತ್ರೀ ರೈಲ್ವೆ ಎಂಜಿನ್ಸ್' ಎಂಬ ಪುಸ್ತಕವಾದವು. ೧೯೭೨ರ ವೇಳೆಗೆ ಇಪ್ಪತ್ತಾರು ಪುಸ್ತಕಗಳು ಬಂದವು. ೧೯೮೪ರಲ್ಲಿ ಆರಂಭವಾದ ದೂರದರ್ಶನ ಮಾಲಿಕೆಯ ಮೂಲಕ ಥಾಮಸ್ ನಮ್ಮ ಮನೆಗಳ ಮಕ್ಕಳಿಗೂ ಪರಿಚಿತನಾದನು. ಅವರು ತೀರಿಕೊಂಡದ್ದು ೧೯೯೭ರಲ್ಲಿ.

ಮೇಲೆ ಹೇಳಿದ ರಿಜಿಸ್ಟರಿನ ಬುದ್ಧಿಗೆ ಆಡ್ರಿಯವರಷ್ಟು ಒಳ್ಳೆಯ ಸಾಕ್ಷಿ ಇನ್ನೊಬ್ಬರಿಲ್ಲ. ತಮ್ಮ ಕಥೆಯ ಪ್ರತಿಯೊಂದು ಅನಾಹುತಕ್ಕೂ ಯಾವುದಾದರೂ ನಿಜವಾದ ರೈಲುಮಾರ್ಗದಲ್ಲಿ ನಡೆದ ಘಟನೆಯ ಆಧಾರವಿರಬೇಕೆಂಬುದು ಅವರ ಹಟ. ಚಿತ್ರಕಾರನು ಹೆನ್ರಿ ಎಂಬ ಎಂಜಿನ್ನನ್ನು ಗಾರ್ಡನ್ ಎಂಬ ಇನ್ನೊಂದರಂತೆಯೇ ಬರೆದು ಗೊಂದಲ ಮಾಡಿದಾಗ ಅವರು ಅದನ್ನು ಸಹಿಸಲಾರದೆ ೧೯೫೧ರ ಪುಸ್ತಕದಲ್ಲಿ ಹೆನ್ರಿಗೆ ಒಂದು ಅಪಘಾತ ಮಾಡಿಸಿ, ಕ್ರೂ ಕಾರ್ಖಾನೆಗೆ ಕಳುಹಿಸಿ, ಹೊಸ ಆಕಾರ ಕೊಡಿಸಿ ತಂದರು. ಚಿತ್ರದ ತಪ್ಪಿಗೆ ಕಥೆಯೇ ತಿದ್ದುಪಡಿಯಾಯಿತು! ಈ ಎಂಜಿನ್ನುಗಳ ಊರು ಯಾವುದೆಂದು ಮಕ್ಕಳು ಕೇಳತೊಡಗಿದರು. ೧೯೫೦ರಲ್ಲಿ ಮ್ಯಾನ್ ದ್ವೀಪಕ್ಕೆ ಹೋಗಿದ್ದಾಗ ಅವರಿಗೆ ಉತ್ತರ ಹೊಳೆಯಿತು. ಅಲ್ಲಿನ ಬಿಷಪ್ಪರ ಪೀಠದ ಹೆಸರು 'ಸೋಡೊರ್ ಮತ್ತು ಮ್ಯಾನ್'. ಮ್ಯಾನ್ ದ್ವೀಪವಿದೆ; ಸೋಡೊರ್ ಎಂಬುದು ಸ್ಕಾಟ್ಲೆಂಡಿನ ಪಡುವಣ ದ್ವೀಪಗಳಿಗೆ ನಾರ್ಸ್ ಜನರು ಕೊಟ್ಟಿದ್ದ ಹೆಸರಿನ ಉಳಿಕೆಯಷ್ಟೇ, ಭೂಪಟದಲ್ಲಿ ಆ ಹೆಸರಿನ ದ್ವೀಪವಿಲ್ಲ. ಪಾದ್ರಿಗಳ ಪಟ್ಟಿಯಲ್ಲಿ ಮಾತ್ರ ಉಳಿದಿದ್ದ ಹೆಸರಿಗೆ ಆಡ್ರಿಯವರು ನೆಲ, ಬೆಟ್ಟ, ಊರು, ಹಳಿಗಳನ್ನು ಒದಗಿಸಿದರು. ತಮ್ಮನಾದ ಜಾರ್ಜರೊಡನೆ ಸೇರಿ ಆ ಕಲ್ಪಿತ ದ್ವೀಪದ ಭೂಪಟ, ಜನ, ಚರಿತ್ರೆಗಳನ್ನೆಲ್ಲ ಬರೆದು ೧೯೮೭ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಇಲ್ಲದ ಪ್ಯಾರಿಷ್ಷಿಗೂ ರಿಜಿಸ್ಟರು ಬರೆದವರು ಇವರೊಬ್ಬರೇ ಇರಬೇಕು.

ಈ ನಿಷ್ಠೆಗೆ ತಲೆದೂಗಿದ ಮೇಲೆ ವಿಮರ್ಶಕನು ಇನ್ನೊಂದು ಪ್ರಶ್ನೆಯನ್ನು ಕೇಳಬೇಕಾಗುತ್ತದೆ. ಈ ದಾಖಲೆಯಲ್ಲಿ ಯಾರು ಇದ್ದಾರೆ, ಯಾರು ಇಲ್ಲ? ಎಂಜಿನ್ನುಗಳಿಗೆ ಮುಖವಿದೆ, ಹೆಸರಿದೆ, ಜಂಬ, ಅಸೂಯೆ, ಪಶ್ಚಾತ್ತಾಪಗಳಿವೆ. ಅವುಗಳನ್ನು ನಡೆಸುವ ಡ್ರೈವರು, ಫೈರ್‌ಮನ್ನುಗಳು ಬಹುಪಾಲು ಕಥೆಗಳಲ್ಲಿ ಹೆಸರಿಲ್ಲದ ನೆರಳುಗಳು. ಕಲ್ಲಿದ್ದಲೆತ್ತುವವನ ಸೊಂಟನೋವು, ರಾತ್ರಿಪಾಳಿಯ ಸಿಗ್ನಲ್‌ಮನ್ನನ ನಿದ್ದೆ, ಹಳಿ ಕಾಯುವವನ ಸಂಬಳ ಸೋಡೊರಿನಲ್ಲಿ ಸಮಸ್ಯೆಗಳೇ ಅಲ್ಲ. ಮಕ್ಕಳ ಕಥೆಯಲ್ಲಿ ಇದನ್ನೆಲ್ಲ ಹುಡುಕುವುದು ಅನ್ಯಾಯವೆಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ದುಡಿಮೆಯ ಪ್ರಶ್ನೆಯನ್ನು ಆ ಕಥೆಗಳೇ ಎತ್ತಿಕೊಂಡಿವೆ. ೧೯೫೦ರ 'ಟ್ರಬಲ್‌ಸಮ್ ಎಂಜಿನ್ಸ್' ಪುಸ್ತಕದಲ್ಲಿ ದೊಡ್ಡ ಎಂಜಿನ್ನುಗಳು ತಮ್ಮ ಡಬ್ಬಿಗಳನ್ನು ತಾವೇ ಎಳೆದುತರುವುದು ಅವಮಾನವೆಂದು ಮುಷ್ಕರ ಹೂಡುತ್ತವೆ. ರೈಲ್ವೆಯ ಮೇಲಧಿಕಾರಿಯಾದ ದಪ್ಪ ದೊರೆ ಅವುಗಳನ್ನು ಷೆಡ್ಡಿನಲ್ಲಿ ಕೂಡಿಹಾಕಿ, ಪರ್ಸಿ ಎಂಬ ಹೊಸ ಸಣ್ಣ ಎಂಜಿನ್ನನ್ನು ತರಿಸಿ ಕೆಲಸ ಸಾಗಿಸುತ್ತಾನೆ. ಅವು ತಪ್ಪೊಪ್ಪಿಕೊಂಡ ಮೇಲೆಯೇ ಬಿಡುಗಡೆ. ಬ್ರಿಟನ್ನಿನ ರೈಲ್ವೆ ೧೯೪೮ರ ಜನವರಿ ೧ರಂದು ರಾಷ್ಟ್ರೀಕೃತವಾಗಿತ್ತು. ಕಥೆಗಳಲ್ಲಿ ಅದರ ಫಲ ಇಷ್ಟೇ: ದಪ್ಪ ಡೈರೆಕ್ಟರನಾಗಿದ್ದವನು ದಪ್ಪ ಕಂಟ್ರೋಲರನಾದನು. ಅವನ ಮಾತೇ ಶಾಸನವೆಂಬುದರಲ್ಲಿ ಬದಲಾವಣೆಯಿಲ್ಲ. ಆಯುಧ ಹಿಡಿಯಲೊಲ್ಲದೆ ತಮ್ಮ ಮೇಲಧಿಕಾರಿಗಳಿಗೆ ಎದುರುನಿಂತು ಕೆಲಸ ಕಳೆದುಕೊಂಡವರು, ತಮ್ಮ ಎಂಜಿನ್ನುಗಳಿಗೆ ಮಾತ್ರ ಎದುರುನಿಲ್ಲುವ ಹಕ್ಕನ್ನು ಕೊಡದೆ ಹೋದರು!

ಆದರೂ ಈ ದಂಡನೀತಿಯಲ್ಲಿ ಪಾದ್ರಿಯ ಮುದ್ರೆಯೊಂದಿದೆ. ಅದನ್ನು ಕಾಣದಿದ್ದರೆ ವಿಮರ್ಶೆ ಏಕಪಕ್ಷೀಯವಾದೀತು. ಮೊದಲ ಪುಸ್ತಕದಲ್ಲಿಯೇ ಹೆನ್ರಿ ಮಳೆಗೆ ತನ್ನ ಬಣ್ಣ ಕೆಟ್ಟೀತೆಂದು ಹೆದರಿ ಸುರಂಗದಿಂದ ಹೊರಬರಲೊಲ್ಲದೆ, ಕೊನೆಗೆ ಅವನ ಮುಂದೆ ಗೋಡೆ ಕಟ್ಟಲಾಗುತ್ತದೆ. ಮಕ್ಕಳ ಸಾಹಿತ್ಯದಲ್ಲಿ ಇದು ಕ್ರೂರವಾದ ಶಿಕ್ಷೆ. ಮುಂದಿನ ಕಥೆಯಲ್ಲಿ ಗಾರ್ಡನ್ ಕೆಟ್ಟು ನಿಂತಾಗ ಗೋಡೆ ಒಡೆದು ಹೆನ್ರಿಯನ್ನು ಹೊರತರುತ್ತಾರೆ. ಎಷ್ಟೇ ತಪ್ಪು ಮಾಡಲಿ, ಈ ಕಥೆಗಳಲ್ಲಿ ನಾಯಕನಾದ ಎಂಜಿನ್ನು ಗುಜರಿಗೆ ಹೋಗುವುದಿಲ್ಲ. ದಂಡನೆಯುಂಟು, ವಿನಾಶವಿಲ್ಲ. ಮಗುವಿನ ಮನಸ್ಸಿಗೆ ಕಥೆಗಳು ಕೊಡುವ ಧೈರ್ಯ ಇದೇ ಎಂದು ತೋರುತ್ತದೆ. ಹೊರಗಿನ ಲೋಕದಲ್ಲಾದರೋ ಆ ಧೈರ್ಯಕ್ಕೆ ಎಡೆಯಿರಲಿಲ್ಲ. ೧೯೬೩ರ ಮಾರ್ಚ್ ತಿಂಗಳ ಬೀಚಿಂಗ್ ವರದಿ ಸುಮಾರು ೫,೦೦೦ ಮೈಲಿ ಮಾರ್ಗವನ್ನೂ ೨,೩೬೩ ನಿಲ್ದಾಣಗಳನ್ನೂ ಮುಚ್ಚಬೇಕೆಂದಿತು. ೧೯೬೮ರ ಆಗಸ್ಟ್ ೧೧ರಂದು ಬ್ರಿಟಿಷ್ ರೈಲ್ವೆಯ ಮುಖ್ಯಮಾರ್ಗಗಳಲ್ಲಿ ಉಗಿಯೆಳೆತದ ಕೊನೆಯ ಪ್ರಯಾಣವಾಯಿತು. ಅದೇ ವರ್ಷ ಆಂಗ್ಲ ಚರ್ಚು, ಬಳಕೆಗೆ ಬೇಡವಾದ ದೇವಾಲಯಗಳನ್ನು ವಿಧಿಪೂರ್ವಕವಾಗಿ ಮುಚ್ಚುವ ಕಾನೂನನ್ನು ಮಾಡಿಕೊಂಡಿತು. ಹಳ್ಳಿಯ ಕೊನೆಯಲ್ಲಿ ನಿಲ್ದಾಣಕ್ಕೆ ಬೀಗ, ನಡುವೆ ಚರ್ಚಿಗೆ ಬೀಗ. ಚಾಟೂಕ್ತಿಯ ಸಾದೃಶ್ಯಗಳಲ್ಲಿ ಇತಿಹಾಸದ ಬಲವಿರುವುದು ಇದೊಂದಕ್ಕೆ. ಆದರೆ ಇದು ಹವ್ಯಾಸವನ್ನು ಹುಟ್ಟಿಸಿದ ಕಾರಣವಲ್ಲ, ಆಗಲೇ ಇದ್ದ ಹವ್ಯಾಸಕ್ಕೆ ವ್ಯಥೆಯ ಬಣ್ಣ ಕೊಟ್ಟ ಕಾರಣ. ೧೯೫೪ರ ಪುಸ್ತಕವೊಂದರಲ್ಲಿ ಗುಜರಿಗೆ ಹೊರಟಿದ್ದ ಟ್ರೆವರ್ ಎಂಬ ಉಗಿಯಂತ್ರವನ್ನು ಕೊಂಡು ಉಳಿಸುವವರು ಊರಿನ ಪಾದ್ರಿಯೇ ಎಂಬುದು ಇಲ್ಲಿ ಗಮನಾರ್ಹ. ಕಥೆಯಲ್ಲಾದದ್ದು ನಿಜದಲ್ಲಿಯೂ ಆಯಿತು. ಆಡ್ರಿಯವರ ಗೆಳೆಯರಾದ ರೆವರೆಂಡ್ ಎಡ್ವಿನ್ ಬಾಸ್ಟನ್ ಲೆಸ್ಟರ್‌ಷೈರಿನ ಕೇಡ್ಬಿಯಲ್ಲಿ ತಮ್ಮ ಮನೆಯ ತೋಟದೊಳಗೆ ೧೯೬೩ರಲ್ಲಿ ಪುಟ್ಟ ಹಳಿ ಹಾಕಿ, ಕಲ್ಲುಗಣಿಯಲ್ಲಿ ದುಡಿದು ಮುದಿಯಾಗಿದ್ದ 'ಪಿಕ್ಸಿ' ಎಂಬ ಎಂಜಿನ್ನನ್ನು ತಂದು ಓಡಿಸಿದರು. ಆಡ್ರಿಯವರು ೧೯೬೭ರ ಪುಸ್ತಕದಲ್ಲಿ ಅವರನ್ನು ದಪ್ಪ ಪಾದ್ರಿಯಾಗಿಯೂ ತಮ್ಮನ್ನು ತೆಳ್ಳನೆಯ ಪಾದ್ರಿಯಾಗಿಯೂ ಚಿತ್ರಿಸಿದ್ದಾರೆ.

ಮಾದರಿ ರೈಲುಗಳ ಪೀಟರ್ ಡೆನ್ನಿ, ೧೯೫೧ರಲ್ಲಿ ರೈಲ್ವೆಯ ಆಕರ್ಷಣೆಯನ್ನು ಕುರಿತೇ ಪುಸ್ತಕ ಬರೆದ ವಿಂಚೆಸ್ಟರಿನ ಕ್ಯಾನನ್ ರೋಜರ್ ಲಾಯ್ಡ್ ಮುಂತಾದವರ ವಿಚಾರ ಇಲ್ಲಿ ವಿಸ್ತರಿಸುವುದಿಲ್ಲ. ಎರಿಕ್ ಟ್ರೀಸಿಯವರನ್ನು ಮಾತ್ರ ಬಿಡುವಂತಿಲ್ಲ. ೧೯೦೭ರಲ್ಲಿ ಹುಟ್ಟಿದ ಇವರು ಲಿವರ್‌ಪೂಲಿನ ಎಡ್ಜ್ ಹಿಲ್ಲಿನಲ್ಲಿ ಪಾದ್ರಿಯಾಗಿದ್ದಾಗ ಅವರ ಪ್ಯಾರಿಷ್ಷಿನ ಜನರಲ್ಲಿ ಬಹಳ ಮಂದಿ ರೈಲ್ವೆ ಕೆಲಸಗಾರರು. ಅವರನ್ನು ಕಾಣಲು ಎಂಜಿನ್ ಷೆಡ್ಡಿಗೆ ಹೋಗಿ ಬರುತ್ತ ಕ್ಯಾಮರಾ ಅಭ್ಯಾಸ ಬಲಿಯಿತು. ಮುಂದೆ ಹ್ಯಾಲಿಫ್ಯಾಕ್ಸಿನ ಆರ್ಚ್‌ಡೀಕನ್, ಪಾಂಟಿಫ್ರಾಕ್ಟಿನ ಬಿಷಪ್, ೧೯೬೮ರಿಂದ ೧೯೭೬ರ ವರೆಗೆ ವೇಕ್‌ಫೀಲ್ಡಿನ ಬಿಷಪ್ ಆದರೂ ಆ ಅಭ್ಯಾಸ ಬಿಡಲಿಲ್ಲ. ಅವರು ತೆಗೆದ ಸಾವಿರಾರು ಚಿತ್ರಗಳು ಯಾರ್ಕಿನ ರಾಷ್ಟ್ರೀಯ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಸೇರಿವೆ. ಅವುಗಳಲ್ಲಿಯೂ ಹೊಗೆಯ ಆಡಂಬರ ಒಮ್ಮೊಮ್ಮೆ ಅತಿಯೆನಿಸುತ್ತದೆ. ಆದರೆ ಎಂಜಿನ್ನಿನ ಪಕ್ಕದಲ್ಲಿ ಮಸಿಮೆತ್ತಿದ ಡ್ರೈವರನ ಮುಖವೂ ಅಲ್ಲುಂಟು. ಆಡ್ರಿಯವರು ಎಂಜಿನ್ನಿನಿಂದ ಹೊರಟು ಮನುಷ್ಯನನ್ನು ಅದರೊಳಗೆ ಕರಗಿಸಿದರೆ, ಟ್ರೀಸಿಯವರು ಮನುಷ್ಯನಿಂದ ಹೊರಟು ಎಂಜಿನ್ನನ್ನು ಮುಟ್ಟಿದರು. ಪಾದ್ರಿಗಳ ರೈಲುಪ್ರೀತಿಯಲ್ಲಿ ಎರಡು ಜಾತಿಗಳಿವೆಯೆಂದು ಕಾಣುವುದು ಈ ಇಬ್ಬರನ್ನು ಒಟ್ಟಿಗೆ ಇಟ್ಟಾಗ. ಎರಡನೆಯದು ವಿರಳ, ನನ್ನ ದೃಷ್ಟಿಯಲ್ಲಿ ಮೇಲಾದದ್ದು.

ಈ ಎರಡನೆಯ ಪರಂಪರೆಯ ಮೂಲವನ್ನು ಹುಡುಕಬೇಕಾದರೆ ಆಲ್ಬಮ್ಮುಗಳನ್ನು ಬಿಟ್ಟು ಸಮಾಧಿಭೂಮಿಗೆ ಹೋಗಬೇಕು. ಬ್ರಾಮ್ಸ್‌ಗ್ರೋವಿನ ಚರ್ಚಿನ ಅಂಗಳದಲ್ಲಿ ೧೮೪೦ರ ನವೆಂಬರಿನಲ್ಲಿ ಬಾಯ್ಲರು ಸಿಡಿದು ಸತ್ತ ಇಬ್ಬರು ರೈಲ್ವೆ ನೌಕರರ ಕಲ್ಲುಗಳಿವೆ. ಕಲ್ಲಿನ ಮೇಲೆ ಎಂಜಿನ್ನಿನ ಚಿತ್ರವನ್ನು ಕೆತ್ತಿದ್ದಾರೆ. ಈಲಿ ಪ್ರಧಾನ ದೇವಾಲಯದ ಗೋಡೆಯಲ್ಲಿ ೧೮೪೫ರ ಡಿಸೆಂಬರಿನಲ್ಲಿ ಮಡಿದ ಇಬ್ಬರ ನೆನಪಿಗೆ, ಸ್ವರ್ಗದ ದಾರಿಯನ್ನು ರೈಲುದಾರಿಯೆಂದು ಬಣ್ಣಿಸುವ ಪದ್ಯಫಲಕವಿದೆ. ಆಟ್ಲಿಯಲ್ಲಿ ಬ್ರಾಂಹೋಪ್ ಸುರಂಗ ಕೊರೆಯುವಾಗ ಸತ್ತ ಕೂಲಿಗಳಿಗೆ ಆ ಸುರಂಗದ ಬಾಯಿಯ ಆಕಾರದಲ್ಲಿಯೇ ಸ್ಮಾರಕ ಕಟ್ಟಿದ್ದಾರೆ. ನಮ್ಮ ತರಗತಿಗಳಲ್ಲಿ ರೈಲ್ವೆಯ ಪಾಠ ಸ್ಟೀಫನ್‌ಸನ್ನನ 'ರಾಕೆಟ್' ಎಂಜಿನ್ನು, ೧೮೨೯ರ ರೇನ್‌ಹಿಲ್ ಪಂದ್ಯ ಇವುಗಳಿಗೆ ಮುಗಿದುಹೋಗುತ್ತದೆ. ಮಣ್ಣು ಹೊತ್ತವರ ಹೆಸರುಗಳನ್ನು ಕೇಳುವ ವಿದ್ಯಾರ್ಥಿಗೆ ನಾವು ತೋರಿಸಬೇಕಾದ ಆಕರ ಕಂಪೆನಿಗಳ ವರದಿಯಲ್ಲ, ಪಾದ್ರಿಗಳ ರಿಜಿಸ್ಟರು.

ಟ್ರೀಸಿಯವರು ೧೯೭೮ರ ಮೇ ೧೩ರಂದು ಆಪಲ್ಬಿ ನಿಲ್ದಾಣದಲ್ಲಿ 'ಈವನಿಂಗ್ ಸ್ಟಾರ್' ಎಂಜಿನ್ನು ಎಳೆಯುತ್ತಿದ್ದ ವಿಶೇಷ ಗಾಡಿಯ ಚಿತ್ರ ತೆಗೆಯಲು ಕಾದಿದ್ದಾಗ ಕುಸಿದು ಪ್ರಾಣಬಿಟ್ಟರು. ಆಪಲ್ಬಿ ಇರುವುದು ಸೆಟಲ್-ಕಾರ್ಲೈಲ್ ಮಾರ್ಗದಲ್ಲಿ. ಅದೇ ಮಾರ್ಗದ ದಕ್ಷಿಣಭಾಗದಲ್ಲಿ ಇಪ್ಪತ್ತನಾಲ್ಕು ಕಮಾನುಗಳ ರಿಬಲ್‌ಹೆಡ್ ಸೇತುವೆಯಿದೆ. ಅದನ್ನು ಕಟ್ಟಿದ ಕೂಲಿಗಳು ಜೆರಿಕೊ, ಸೆಬಾಸ್ಟಪೋಲ್ ಎಂದು ತಾವೇ ಹೆಸರಿಟ್ಟುಕೊಂಡ ಗುಡಿಸಲುಗಳಲ್ಲಿ ಹೆಂಡಿರು ಮಕ್ಕಳೊಡನೆ ಬಾಳಿದರು. ಅಪಘಾತಗಳ ಜೊತೆಗೆ ೧೮೭೧ರಲ್ಲಿ ಸಿಡುಬು ಬಂದಿತು. ಹತ್ತಿರದ ಚಾಪೆಲ್-ಲ-ಡೇಲಿನ ಪುಟ್ಟ ಚರ್ಚಿನ ಸಮಾಧಿಭೂಮಿ ಸಾಲದೆ ಅದನ್ನು ವಿಸ್ತರಿಸಬೇಕಾಯಿತು. ಆ ಕೆಲವು ವರ್ಷಗಳಲ್ಲಿ ಅಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಮಣ್ಣಾದರು. ಚರ್ಚಿನೊಳಗೆ, ೧೮೬೯ರಿಂದ ೧೮೭೬ರ ವರೆಗೆ ಕೆಲಸದಲ್ಲಿ ಜೀವ ಕಳೆದುಕೊಂಡವರಿಗಾಗಿ ಜೊತೆಗಾರರೂ ಮಿಡ್‌ಲೆಂಡ್ ಕಂಪೆನಿಯೂ ಹಣ ಕೂಡಿಸಿ ಇಡಿಸಿದ ಅಮೃತಶಿಲೆಯ ಫಲಕವಿದೆ. ಫಲಕದಲ್ಲಿ ಅವರ ಹೆಸರುಗಳಿಲ್ಲ. ಹೆಸರುಗಳಿರುವುದು ಸಮಾಧಿಯ ರಿಜಿಸ್ಟರಿನಲ್ಲಿ.